ಬೋರವ್ವನ ಕಂಬ

೨ ನವೆಂಬರ್ ೧೯೦೯, ಕಲ್ಲಗೋನಾಳ

ಬಾದಾಮಿಯಿಂದ ಇಲ್ಲಿಗೆ ಚಕ್ಕಡಿಯಲ್ಲಿ ಎರಡು ದಿನ. ಡ್ರಾಯಿಂಗ್ ಹಲಗೆ, ಟೇಪು, ಮಸಿಯ ಬಾಟಲಿ ಎಲ್ಲವೂ ಸುರಕ್ಷಿತವಾಗಿ ಬಂದಿವೆ. ಮುರಿದಿರುವುದು ನನ್ನ ಸೊಂಟ ಮಾತ್ರ. ಹಳೆಯ ಗುಡಿಗಳನ್ನು ಕಾಪಾಡಬೇಕೆಂದು ಸರಕಾರ ಕಾಯಿದೆ ಮಾಡಿದೆ. ಅವುಗಳ ನಕ್ಷೆ ಬರೆದು ಪುಸ್ತಕ ಮಾಡುತ್ತಾರಂತೆ. ಹುನಗುಂದ ತಾಲೂಕಿನ ಹನ್ನೊಂದು ಗುಡಿಗಳು ನನ್ನ ಪಾಲಿಗೆ ಬಂದಿವೆ. ಅವು ಮುಗಿಯುವ ತನಕ ಈ ಊರಿನ ಚಾವಡಿಯೇ ನನ್ನ ಮನೆ, ಅದರ ಇಲಿಗಳೇ ನನ್ನ ನೆಂಟರು.

ಪಟ್ಟಿಯಲ್ಲಿ ಏಳನೆಯ ಕಟ್ಟಡ ಇದೇ ಊರಿನದು. ಸಂಜೆಯೇ ಹೋಗಿ ನೋಡಿ ಬಂದೆ. ಕೆಂಪು ಕಲ್ಲು, ಹದಿನಾರು ಕಂಬ, ಬಾಗಿಲಲ್ಲಿ ಆಳೆತ್ತರದ ಇಬ್ಬರು ದ್ವಾರಪಾಲಕರು. ಒಳಗೆ ದೇವರಿಲ್ಲ, ಒಂದು ಕುರುಬರ ಸಂಸಾರವಿದೆ! ಕಂಬದಿಂದ ಕಂಬಕ್ಕೆ ಮಣ್ಣಿನ ಗೋಡೆ ಎಬ್ಬಿಸಿಕೊಂಡಿದ್ದಾರೆ. ಮೂಲೆಯಲ್ಲಿ ಒಲೆ. ಮೇಲ್ಛಾವಣಿಯ ಕಲ್ಲಿನ ತಾವರೆ ರೊಟ್ಟಿಯ ಹಂಚಿನ ಹಾಗೆ ಕಪ್ಪಾಗಿದೆ. ದ್ವಾರಪಾಲಕನ ಕೈಗೆ ಕಂಬಳಿ ಒಣಹಾಕಿದ್ದಾರೆ. ಸಾವಿರ ವರ್ಷದ ಕೆತ್ತನೆಗೆ ಈ ಗತಿ ತಂದ ಜನಕ್ಕೆ ಏನೆನ್ನಬೇಕು?

೯ ನವೆಂಬರ್

ಏಳನೆಯ ಕಟ್ಟಡದ ಅಳತೆ ಅರ್ಧ ಆಯಿತು. ಯಜಮಾನತಿ ಬೋರವ್ವ ಎಂಬ ಮುದುಕಿ. ಮಗ ಕನಕಪ್ಪ ಕುರಿ ಕಾಯುತ್ತಾನೆ. ಸೊಸೆ ಹನಮವ್ವ ಏಳು ತಿಂಗಳ ಬಸುರಿ. ಒಟ್ಟು ಮೂರು ಜನ, ನಲವತ್ತು ಕುರಿ. ಅಷ್ಟೂ ಜೀವಗಳು ನನ್ನ ಟೇಪು ತುಳಿದಿವೆ.

ಹೊಗೆಯಲ್ಲಿ ಕಣ್ಣು ಬಿಡಲಾಗದೆ ಹೇಳಿಯೇ ಬಿಟ್ಟೆ: "ಯವ್ವಾ, ಒಂದ ತಾಸು ಒಲಿ ಆರಸ್ರಿ. ನಾ ಇಲ್ಲಿ ಕೆಲಸ ಮಾಡಬೇಕು."

"ಒಲಿ ಆರಿಸಿದ್ರ ನನ್ನ ಮಗ ಬಂದು ಏನ್ ತಿನ್ಬೇಕ್ರಿ ಮಾಸ್ತರ? ನಿಮ್ಮ ಹಾಳಿ ತಿನ್ಲೇನ?"

ಹನಮವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ಸಿಟ್ಟು ಬಂತು. ಆದರೆ ಈ ಊರಿಗೆ ಬಂದ ಮೇಲೆ ನನ್ನ ಜೊತೆ ಯಾರಾದರೂ ತಮಾಷೆ ಮಾಡಿದ್ದು ಇದೇ ಮೊದಲು ಎಂದು ಆಮೇಲೆ ಹೊಳೆಯಿತು.

೧೪ ನವೆಂಬರ್

ನಿನ್ನೆ ದೀಪಾವಳಿಯ ಪಾಡ್ಯ, ಇವರ ಹಟ್ಟಿ ಹಬ್ಬ. ಸೆಗಣಿಯಿಂದ ಪಾಂಡವರನ್ನು ಮಾಡಿ, ತಲೆಗೆ ಹೂ ಸಿಕ್ಕಿಸಿ ಹೊಸ್ತಿಲಲ್ಲಿ ಕೂರಿಸಿದ್ದರು. ಬಾಗಿಲ ಎರಡೂ ಕಡೆ ಶಿಲ್ಪಿ ಕೆತ್ತಿದ ದ್ವಾರಪಾಲಕರು, ಅವರ ಪಾದದ ಹತ್ತಿರ ಬೋರವ್ವ ಹಿಸುಕಿದ ಸೆಗಣಿಯ ಮುದ್ದೆಗಳು. ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೂರನೆಯ ಕಂಬ ಬರೆಯಲು ಹೋದರೆ ಅದರ ಮೈತುಂಬ ಸುಣ್ಣದ ಚುಕ್ಕಿ. ಕೆಲವು ಬಿಳಿ, ಹಲವಕ್ಕೆ ಮೇಲೆ ಕೆಮ್ಮಣ್ಣು ಒತ್ತಿದ್ದಾರೆ. ಅದರಡಿ ಸಿಕ್ಕಿಬಿದ್ದಿರುವ ಹೂಬಳ್ಳಿಯ ಕೆತ್ತನೆಯೋ, ಇಡೀ ತಾಲೂಕಿನಲ್ಲಿ ಎರಡನೆಯದು ಸಿಗುವುದಿಲ್ಲ. ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಲು ಹೋದೆ. ಬೋರವ್ವ ಬೀಸುಕಲ್ಲು ಬಿಟ್ಟು ಓಡಿ ಬಂದು ನನ್ನ ಕೈ ಹಿಡಿದಳು.

"ಅದು ಒರಸೂದಲ್ಲ. ನಮ್ಮ ಮನ್ಯಾಗ ಕೂಸು ಹುಟ್ಟಿದ ಮೂರನೇ ದಿನಕ್ಕ ಸುಣ್ಣದಾಗ ಹೆಬ್ಬಟ್ಟು ಅದ್ದಿ ಒಂದು ಇಡತೇವಿ. ಆ ಜೀವ ಹೋದಾಗ ಅದರ ಮ್ಯಾಲೆ ಕೆಮ್ಮಣ್ಣು. ಒಬ್ಬೊಬ್ಬ ಸೊಸಿದು ಒಂದೊಂದು ಸಾಲ."

"ಎಷ್ಟು ಅದಾವ?"

"ಎಣಿಸಬಾರದ್ರಿ. ಮಕ್ಕಳನ್ನ ಯಾರರೇ ಎಣಸ್ತಾರೇನು?"

ಬಟ್ಟೆ ಹಿಂಡಿ ಪೆಟ್ಟಿಗೆಯಲ್ಲಿ ಇಟ್ಟೆ. ಕೆತ್ತನೆಯ ಅಂದ ಗೊತ್ತಿಲ್ಲದವರ ಜೊತೆ ವಾದಿಸಿ ಏನು ಫಲ?

೨೭ ನವೆಂಬರ್

ನಾಲ್ಕು ದಿನದ ಹಿಂದೆ ನಮ್ಮ ಇಲಾಖೆಯ ಸಾಹೇಬರು ಕುದುರೆಯ ಮೇಲೆ ಬಂದರು, ಜೊತೆಗೆ ಹೆಡ್ ಗುಮಾಸ್ತರು. ಏಳನೆಯದರ ಕಚ್ಚಾ ಹಾಳೆ ತೋರಿಸಿದೆ. ಕಂಡದ್ದನ್ನೆಲ್ಲ ಬರೆದಿದ್ದೆ: ಗೋಡೆ, ಒಲೆ, ಕುರಿ ಕಟ್ಟುವ ಗೂಟ. ಸಾಹೇಬರು ಬೆರಳಿನಿಂದ ಅವನ್ನೆಲ್ಲ ಒಂದೊಂದಾಗಿ ಮುಟ್ಟಿ ಏನೋ ಹೇಳಿದರು. ಗುಮಾಸ್ತರು ಕನ್ನಡದಲ್ಲಿ ಹೇಳಿದರು: "ಸಾಹೇಬ್ರಿಗೆ ಗುಡಿ ಬೇಕಾಗದ, ಸಂತಿ ಅಲ್ಲ. ಕಟ್ಟಿದ ದಿವಸ ಹ್ಯಾಂಗಿತ್ತೋ ಹಂಗ ಬರೀರಿ."

ಈ ಕೆಲಸದಲ್ಲಿ ನನಗೆ ಸರಿಸಮ ಯಾರಿದ್ದಾರೆ? ಚಾವಡಿಯಲ್ಲಿ ಕೂತು ಮೂರು ದಿನದಲ್ಲಿ ಗೋಡೆ ಕೆಡವಿದೆ, ಮಸಿ ತೊಳೆದೆ, ಕಂಬದ ಚುಕ್ಕಿಗಳನ್ನೆಲ್ಲ ತೆಗೆದು ಹೂಬಳ್ಳಿಯನ್ನು ಎಲೆ ಎಲೆಯಾಗಿ ಹೊರಗೆ ತಂದೆ. ಹಾಳೆ ಹೊಳೆಯುತ್ತಿತ್ತು. ಮೂಲೆಯಲ್ಲಿ, ಎಲ್ಲ ಹಾಳೆಗೂ ಹಾಕುವ ಹಾಗೆ, "ಸ್ಥಳದಲ್ಲಿ ಕಣ್ಣಾರೆ ಕಂಡು ಬರೆದದ್ದು" ಎಂದು ಬರೆದು ಸಹಿ ಹಾಕಿದೆ. ಇವತ್ತು ಅದನ್ನು ನೋಡಿ ಸಾಹೇಬರು ಕೈ ಕುಲುಕಿದರು. ಇಪ್ಪತ್ತು ವರ್ಷದ ಚಾಕರಿಯಲ್ಲಿ ಮೊದಲ ಸಲ.

ಈ ಸುದ್ದಿ ಹೇಳಲು ಯಾರೂ ಇಲ್ಲ. ಆದ್ದರಿಂದ ಇಲ್ಲಿ ಬರೆದೆ.

೫ ಡಿಸೆಂಬರ್

ಎಂಟನೆಯ ಕಟ್ಟಡ. ಒಂದೂವರೆ ಹರದಾರಿ ನಡಿಗೆ. ಇಡೀ ದಿನ ಮಾತಾಡಲಿಲ್ಲ. ಸಂಜೆ ಪೆನ್ಸಿಲ್ ಕೆಳಗೆ ಬಿದ್ದಾಗ "ಅರೇ" ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

೨೪ ಡಿಸೆಂಬರ್

ನಿನ್ನೆ ಬಕ್ರೀದ. ನಮಾಜಿಗೆ ಹುನಗುಂದಕ್ಕೆ ಹೋದೆ. ಹಿಂದಿನ ದಿನವೇ ಕನಕಪ್ಪ ಹಬ್ಬದ ಸಂತೆಗೆ ಹನ್ನೆರಡು ಕುರಿ ಹೊಡೆದುಕೊಂಡು ಹೊರಟಿದ್ದ. ಅವನ ಹಿಂದೆ ನಾನೂ ನಡೆದೆ. ದಾರಿಯುದ್ದಕ್ಕೂ ಒಂದೊಂದು ಕುರಿಯ ಸ್ವಭಾವ ಹೇಳುತ್ತ ಬಂದ. ನಮಾಜು ಮುಗಿದ ಮೇಲೆ ಎಲ್ಲರೂ ತಬ್ಬಿಕೊಳ್ಳುತ್ತಿದ್ದರು. ಗುರುತಿಲ್ಲದ ಇಬ್ಬರು ನನ್ನನ್ನೂ ತಬ್ಬಿಕೊಂಡು, ಯಾರ ಮನೆಯವರು ಎಂದು ಕೇಳಿದರು. ಬಾಗಲಕೋಟೆ ಎಂದೆ. ಯಾರ ಮನೆ ಎಂದು ಹೇಳಲು ಮನೆ ಇದ್ದರಲ್ಲವೆ? ಇವತ್ತು ಬೆಳಿಗ್ಗೆ ತಿರುಗಿ ಬಂದೆ.

ಚಾವಡಿಗೆ ಹೋಗಲು ಮನಸ್ಸಾಗದೆ ಏಳನೆಯ ಕಟ್ಟಡದ ಕಟ್ಟೆಯ ಮೇಲೆ ಕೂತೆ. ಬೋರವ್ವ ಜೋಳದ ರೊಟ್ಟಿ, ಪುಂಡಿಪಲ್ಯೆ ತಂದು ಮುಂದಿಟ್ಟಳು.

"ಹಬ್ಬದ ಮರುದಿನ ಒಬ್ಬರ ಯಾಕ ಕುಂತೀರಿ? ಮನ್ಯಾಗ ಯಾರಿಲ್ಲೇನು?"

"ಇದ್ದಳು. ಜೋಹರಾ ಅಂತ. ಪ್ಲೇಗಿನ್ಯಾಗ ಹೋದಳು, ಆರು ವರ್ಷ ಆತು."

ಅವಳು ಇನ್ನೊಂದು ರೊಟ್ಟಿ ಹಾಕಿದಳು. ನಾನೇ ಮುಂದುವರಿಸಿದೆ. ಏಕೆ ಹೇಳಿದೆನೋ. ರೋಗ ಬಂದಾಗ ಸರಕಾರದವರು ನಮ್ಮನ್ನು ಊರ ಹೊರಗಿನ ಜೋಪಡಿಗೆ ಕಳಿಸಿ, ಬಿಸಿಲು ಬೀಳಲಿ ಎಂದು ಮನೆಯ ಹಂಚು ತೆಗೆದರು. ಮಳೆಗೆ ಗೋಡೆ ಕುಸಿಯಿತು. ಜೋಹರಾ ಜೋಪಡಿಯಲ್ಲಿಯೇ ತೀರಿಕೊಂಡಳು.

ಬೋರವ್ವನಿಗೆ ಹೇಳದ ಒಂದು ಮಾತಿದೆ. "ಎಲ್ಲಾ ಕಲ್ಲಿನ ಹೆಂಗಸರನ್ನ ಬರೀತೀರಿ, ನನ್ನ ಒಂದು ಚಿತ್ರ ತಗೀರಿ" ಎಂದು ಜೋಹರಾ ಎಷ್ಟು ಸಲ ಕೇಳಿದ್ದಳೋ. "ನೀ ಒಂದ ಕಡೆ ನಿಂತರಲ್ಲ ಬರೆಯೂದು?" ಎಂದು ಹಾರಿಸುತ್ತಿದ್ದೆ. ನಿಂತದ್ದನ್ನು ಮಾತ್ರ ಬರೆಯುವವನು ನಾನು. ಈಗ ಅವಳ ಮೂಗು ಹೇಗಿತ್ತು ಎಂದು ನೆನೆದರೆ ಬಾದಾಮಿಯ ಮೂರನೆಯ ಗುಹೆಯ ಹೆಂಗಸಿನ ಮೂಗು ಕಣ್ಣಿಗೆ ಬರುತ್ತದೆ. ಇದಕ್ಕಿಂತ ದೊಡ್ಡ ಶಿಕ್ಷೆ ಇದೆಯೆ?

೧೧ ಜನವರಿ ೧೯೧೦

ಹನಮವ್ವನಿಗೆ ಹೆಣ್ಣು ಕೂಸು. ಇವತ್ತು ಮೂರನೆಯ ದಿನ. ಬೋರವ್ವ ಮೊಮ್ಮಗಳನ್ನು ಎಡತೋಳಿನಲ್ಲಿಟ್ಟುಕೊಂಡು ಬಲಗೈ ಹೆಬ್ಬೆರಳನ್ನು ಸುಣ್ಣದಲ್ಲಿ ಅದ್ದಿದಳು. ಕಂಬದ ಮೇಲೆ ಐದು ಸಾಲುಗಳಿದ್ದವು. ಅವುಗಳ ಕೆಳಗೆ, ಆರನೆಯ ಸಾಲಿಗೆ, ಮೊದಲ ಚುಕ್ಕಿ ಇಟ್ಟಳು. ಆಮೇಲೆ ತನ್ನ ಸಾಲಿನ ಮೇಲೆ ಕೈಯಾಡಿಸಿದಳು. ಎಂಟು ಚುಕ್ಕಿ, ಆರರ ಮೇಲೆ ಕೆಮ್ಮಣ್ಣು. ಒಂದೊಂದನ್ನೂ ಮುಟ್ಟಿ ಹೆಸರು ಹೇಳಿದಳು, ಎಣಿಸಲಿಲ್ಲ.

ನನ್ನ ಸ್ವಂತ ಪುಸ್ತಕದಲ್ಲಿ ಆ ಕೈಯನ್ನು ಬರೆದೆ. ಅದು ಅಲುಗುತ್ತಲೇ ಇತ್ತು. ನಾಲ್ಕು ಸಲ ಕೆಟ್ಟು ಐದನೆಯದು ಸುಮಾರಾಗಿ ಬಂತು. ಆಮೇಲೆ ಕಂಬವನ್ನೂ ಬರೆದೆ, ಚುಕ್ಕಿಗಳ ಸಮೇತ. ಹೂಬಳ್ಳಿಯ ತಿರುವು ಎಲ್ಲಿ ತಗ್ಗಾಗಿದೆಯೋ ಅಲ್ಲಿ ನೋಡಿ ನೋಡಿಯೇ ಹೆಬ್ಬೆರಳು ಒತ್ತಿದ್ದಾರೆ. ಕೆತ್ತಿದವನಿಗೂ ಒತ್ತಿದವರಿಗೂ ಏನೋ ಒಪ್ಪಂದವಾದ ಹಾಗಿದೆ. ಎರಡು ತಿಂಗಳು ಇದೇ ಕಂಬದ ಮುಂದೆ ಕೂತವನಿಗೆ ಇದು ಕಂಡಿರಲಿಲ್ಲ.

ಬೋರವ್ವನ ಮನೆಯಲ್ಲಿಯೇ ಉಂಡು ಬಂದೆ.

೬ ಫೆಬ್ರವರಿ

ಓಲೇಕಾರ ಪಾಂಡಪ್ಪ ಕಚೇರಿಯ ಕಾಗದ ತಂದ. ಗುಡಿ ಸರಕಾರದ ರಕ್ಷಣೆಗೆ ಬಂದಿದೆ, ಯುಗಾದಿಯೊಳಗೆ ಖಾಲಿ ಮಾಡಬೇಕು. ಗುಡಿಗಳಲ್ಲಿ ಮೊದಲಿನಿಂದ ವಾಸವಾಗಿದ್ದವರಿಗೆ ಊರಲ್ಲಿ ಬೇರೆ ಜಾಗ ಕೊಡುವ ನಿಯಮವಿದೆಯಂತೆ. ಆ ಪಟ್ಟಿಯಲ್ಲಿ ಬೋರವ್ವನ ಹೆಸರಿಲ್ಲ.

"ಯಾಕಿಲ್ಲ?" ಎಂದೆ.

ಪಾಂಡಪ್ಪ ನನ್ನ ಮುಖ ನೋಡಲಿಲ್ಲ. "ಗೌಡ್ರೂ ಹೇಳಿದ್ರು, ನಾನೂ ಹೇಳ್ದೆ, ನಾಕೈದು ತಲಿ ಆತು ಅಲ್ಲೇ ಅದಾರ ಅಂತ. ಗುಮಾಸ್ತರು ನಿಮ್ಮ ಹಾಳಿ ತಗದು ತೋರ್ಸಿದ್ರು. 'ನೋಡು, ನವೆಂಬರದಾಗ ಕಣ್ಣಾರೆ ಕಂಡು ಬರದಾನ. ಗ್ವಾಡಿ ಇಲ್ಲ, ಒಲಿ ಇಲ್ಲ. ಇವ್ರು ಈಗ ಬಂದು ಹೊಕ್ಕೊಂಡಾರ' ಅಂದ್ರು."

ಬೋರವ್ವ ಕಾಗದವನ್ನು ನನ್ನ ಮುಂದೆ ಹಿಡಿದಳು. ಅವಳಿಗೆ ಓದಲು ಬಾರದು. "ಇದರಾಗ ಏನೈತಿ ಓದ್ರಿ ಮಾಸ್ತರ. ನೀವು ಸುಳ್ಳು ಹೇಳೂದಿಲ್ಲ" ಎಂದಳು.

ಓದಿದೆ.

೭ ಫೆಬ್ರವರಿ

ಹಾಸಿಗೆಯಿಂದ ಏಳಲಿಲ್ಲ.

೧೦ ಫೆಬ್ರವರಿ, ಬಾಗಲಕೋಟೆ

ಹೆಡ್ ಗುಮಾಸ್ತರು ಇಲ್ಲಿಗೆ ಬಂದಿದ್ದಾರೆಂದು ತಿಳಿದು ಬಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ, ಕುಡಿಯಲು ನೀರು ಕೊಟ್ಟರು.

"ನನಗೂ ಗೊತ್ತದ, ಆದ್ರ ಕಚೇರಿ ನಂಬೂದು ಸಹಿ ಮಾಡಿದ ಹಾಳಿನ್ನ. ಇದನ್ನ ಬಾಯಿಲೆ ಹೇಳಿದ್ರ ಆಗೂದಿಲ್ಲ. ಮೊದಲಿನ ಹಾಳಿ ಸುಳ್ಳು ಅಂತ ನೀವೇ ಬರದು ಸಹಿ ಮಾಡಬೇಕಾಗ್ತದ. ಯಾಕ ಕಾಲಮ್ಯಾಲೆ ಕಲ್ಲು ಹಾಕ್ಕೋತೀರಿ?"

"ಹಂಗ ಬರೀರಿ ಅಂತ ಸಾಹೇಬ್ರ ಹೇಳಿದ್ರಲ್ಲ. ನೀವ ಇದ್ರಿ."

"ಸಾಹೇಬ್ರು ಗುಡಿ ಬರೀರಿ ಅಂದ್ರು. ಕಣ್ಣಾರೆ ಕಂಡದ್ದು ಅಂತ ಬರದವರು ನೀವು."

ನೀರಿನ ಲೋಟ ಕೆಳಗಿಟ್ಟು ಎದ್ದೆ. ಬರುವಾಗ ನಮ್ಮ ಓಣಿಗೆ ಹೋದೆ. ಮನೆಯಿದ್ದ ಜಾಗದಲ್ಲಿ ಯಾರೋ ಕಟ್ಟಿಗೆ ಅಡ್ಡೆ ಇಟ್ಟಿದ್ದಾರೆ. ಇಲ್ಲಿ ಜೋಹರಾ ಎಂಬುವಳು ಇದ್ದಳು ಎಂಬುದಕ್ಕೆ ಗುರುತೇ ಇಲ್ಲ. ಅಳು ಬಂತು. ಕಟ್ಟಿಗೆ ಮಾರುವವನು ನಾನು ಗಿರಾಕಿ ಎಂದುಕೊಂಡು ಎರಡು ಸಲ ಎಷ್ಟು ಬೇಕು ಎಂದು ಕೇಳಿದ.

೨೦ ಫೆಬ್ರವರಿ, ಕಲ್ಲಗೋನಾಳ

ಎಂಟು ದಿನ ಬೋರವ್ವನ ಮನೆಯಲ್ಲಿ ಕೂತು ಹೊಸ ಹಾಳೆ ಬರೆದೆ. ಒಲೆ, ಅದರ ಮೇಲೆ ಹೊಗೆ ಹತ್ತಿದ ತಾವರೆ. ಗೋಡೆ, ಗೋಡೆಯ ಗೂಡು, ಗೂಡಿನಲ್ಲಿ ಅವರ ಕುಲದೇವರು ಬೀರಪ್ಪನ ಅರಿಸಿನ ಭಂಡಾರದ ಚೀಲ. ಒನಕೆ ಕುಟ್ಟಿ ಕುಟ್ಟಿ ನೆಲದ ಹಾಸುಗಲ್ಲಿನಲ್ಲಿ ಬಿದ್ದ ಬೊಗಸೆಯಷ್ಟು ತಗ್ಗು. ಅದು ಮೂರು ತಿಂಗಳಲ್ಲಿ ಬೀಳುವ ತಗ್ಗೆ? ದ್ವಾರಪಾಲಕನ ಕೈಮೇಲಿನ ಕಂಬಳಿಯನ್ನೂ ಬಿಡಲಿಲ್ಲ. ನೂರು ವರ್ಷ ಕಂಬಳಿ ಎಳೆದೆಳೆದು ಅವನ ಮೊಣಕೈ ನುಣುಪಾಗಿದೆ. ಆ ನುಣುಪು ಬರೆಯಲು ಒಂದು ಇಡೀ ದಿನ ಹಿಡಿಯಿತು.

ಕೊನೆಗೆ ಮೂರನೆಯ ಕಂಬ. ಕೆಮ್ಮಣ್ಣಿಗೆ ಕೆಂಪು ಮಸಿಯನ್ನೇ ಬಳಸಿದೆ. ಪಕ್ಕದಲ್ಲಿ, ಆರು ಸಾಲು ಎಂದರೆ ಆರು ತಲೆಮಾರಿನ ಸೊಸೆಯರು ಎಂದು ಬರೆದೆ. ಬೋರವ್ವ ಹಿಂದೆ ನಿಂತು ನೋಡುತ್ತಿದ್ದಳು.

"ಎಲ್ಲಾ ಬರದೀರಿ, ಕೂಸು ಎಲ್ಲೈತಿ?"

ತೊಟ್ಟಿಲಲ್ಲಿ ಕೂಸನ್ನೂ ಬರೆದೆ. ಅದು ಕಾಲು ಒದೆಯುವುದನ್ನು ನಿಲ್ಲಿಸಲೇ ಇಲ್ಲ. ಒದೆಯುವ ಕಾಲನ್ನೇ ಬರೆದೆ.

ಹಾಳೆಯ ಮೂಲೆಯಲ್ಲಿ "ಸ್ಥಳದಲ್ಲಿ ಕಣ್ಣಾರೆ ಕಂಡು ಬರೆದದ್ದು" ಎಂದು ಬರೆದು ಸಹಿ ಮಾಡಿದೆ. ಬೇರೆ ಕಾಗದದಲ್ಲಿ, ಮೊದಲಿನ ಏಳನೆಯ ಹಾಳೆ ಕಂಡ ಹಾಗೆ ಬರೆದದ್ದಲ್ಲ, ಇದ್ದವರನ್ನು ಇಲ್ಲವೆಂದು ತೋರಿಸಿದ್ದೇನೆ ಎಂದೂ ಬರೆದು ಸಹಿ ಮಾಡಿದೆ. ಎರಡನ್ನೂ ಪಾಂಡಪ್ಪನ ಕೈಯಲ್ಲಿ ಕಳಿಸಿದೆ.

ಬೋರವ್ವನಿಗೆ ನನ್ನ ತಪ್ಪನ್ನು ಹೇಳಬೇಕಿತ್ತು. ಹೇಳಿದೆ. ಅವಳು ತೊಟ್ಟಿಲ ಹಗ್ಗ ಹಿಡಿದು ತೂಗಿದಳು. "ಆವಾಗ ನಮ್ಮನ್ನ ನೋಡಿದ್ದಿಲ್ಲ ನೀ" ಎಂದಳು. ಅಷ್ಟೇ. ರೊಟ್ಟಿ ಹಾಕಲಿಲ್ಲ. ಚಾವಡಿಗೆ ಬಂದು ನೀರು ಕುಡಿದು ಮಲಗಿದೆ.

೧೬ ಮಾರ್ಚ್

ಕಚೇರಿಯಿಂದ ಎರಡು ಹುಕುಂ ಬಂದವು. ಒಂದು: ಬೋರವ್ವನ ಸಂಸಾರಕ್ಕೆ ಊರ ಮೂಡಲಿಗೆ, ಹಳ್ಳದ ಪಕ್ಕ, ಮನೆ ಕಟ್ಟಲು ಜಾಗ. ಎರಡು: ಜಹಾಂಗೀರ ಎಂಬ ನಕ್ಷೆಗಾರ ಸುಳ್ಳು ನಕ್ಷೆ ಬರೆದದ್ದಾಗಿ ತಾನೇ ಒಪ್ಪಿರುವುದರಿಂದ ತಿಂಗಳ ಕೊನೆಗೆ ಕೆಲಸದಿಂದ ತೆಗೆಯಲಾಗಿದೆ.

ಪಾಂಡಪ್ಪ ಇನ್ನೊಂದು ಸುದ್ದಿ ಹೇಳಿದ. ಪುಸ್ತಕದಲ್ಲಿ ಅಚ್ಚಾಗುವುದು ನನ್ನ ಮೊದಲ ಹಾಳೆಯೇ ಅಂತೆ. ಚೆನ್ನಾಗಿದೆಯಂತೆ. ಹೆಸರು ಮಾತ್ರ ತೆಗೆಯುತ್ತಾರಂತೆ. ಎರಡನೆಯದು ಕಡತದಲ್ಲಿ ಕಟ್ಟಿ ಬಿದ್ದಿದೆ. ಮುಂದೆ ಯಾರೋ ಆ ಪುಸ್ತಕ ತೆಗೆದು, ಎಷ್ಟು ನಿರ್ಮಲವಾದ ಗುಡಿ ಎಂದು ಮೆಚ್ಚುತ್ತಾರೆ. ನಿರ್ಮಲ ಮಾಡಲು ಯಾರನ್ನು ಗುಡಿಸಿ ಹಾಕಿದೆವು ಎಂದು ಗೆರೆಯ ಮೇಲೆ ಬರೆದಿರುವುದಿಲ್ಲ. ನನ್ನ ಅತ್ಯಂತ ಚಂದದ ಕೆಲಸ ಅದು. ನೆನೆದರೆ ಮೈ ಉರಿಯುತ್ತದೆ.

೩೦ ಮಾರ್ಚ್

ಗುಡಿ ಖಾಲಿಯಾಯಿತು. ಕೂಲಿಯವರು ಗೋಡೆ ಒಡೆದರು, ಉಸುಕು ನೀರು ಹಾಕಿ ಕಂಬಗಳನ್ನು ತಿಕ್ಕಿದರು. ಮೂರನೆಯ ಕಂಬ ತಿಕ್ಕುವಾಗ ಬೋರವ್ವ ಅಲ್ಲಿರಲಿಲ್ಲ, ನಾನಿದ್ದೆ. ಮೊದಲು ನೀರು ಕೆಂಪಗೆ ಹರಿಯಿತು, ಆಮೇಲೆ ಬೆಳ್ಳಗೆ. ಹೂಬಳ್ಳಿ ಹೊರಗೆ ಬಂತು. ನಾನು ಬರೆದ ಹಾಗೆಯೇ ಇದೆ, ಎಲೆ ಎಲೆಯೂ ಸರಿ.

ಒಳಗೆ ನಿಂತು ಕೆಮ್ಮಿದೆ. ಗುಡಿ ತಿರುಗಿ ಕೆಮ್ಮಿತು.

೧೨ ಏಪ್ರಿಲ್

ಉಳಿದ ಹಾಳೆಗಳನ್ನು ಕಚೇರಿಗೆ ಒಪ್ಪಿಸುವಷ್ಟರಲ್ಲಿ ಯುಗಾದಿ ಮುಗಿಯಿತು. ಇವತ್ತು ಮಧ್ಯಾಹ್ನ ಬಾಗಲಕೋಟೆಗೆ ಚಕ್ಕಡಿ. ಪೆಟ್ಟಿಗೆ ಕಟ್ಟಿ ಕೂತಿದ್ದಾಗ ಕನಕಪ್ಪ ಬಂದು, "ಅವ್ವ ಕರಿಯಾಕತ್ತಾಳ್ರಿ. ನಿಮ್ಮ ಚುಕ್ಕಿ ಪುಸ್ತಕ ತೊಗೊಂಡ ಬರಬೇಕಂತ" ಎಂದ. ಹೇಳಿಕೊಳ್ಳಬಾರದು, ಓಡಿಯೇ ಹೋದೆ.

ಹಳ್ಳದ ಪಕ್ಕ ಹೊಸ ಮನೆ. ಮಣ್ಣಿನ ಗೋಡೆ ಇನ್ನೂ ಹಸಿ. ಬೋರವ್ವ ಒಂದು ಬಟ್ಟಲಲ್ಲಿ ಸುಣ್ಣ, ಇನ್ನೊಂದರಲ್ಲಿ ಕೆಮ್ಮಣ್ಣು ಕಲಸಿ ಇಟ್ಟಿದ್ದಳು. ಒಳಗೆ ಒಂದೇ ಕಂಬ, ಬೇವಿನ ಕಟ್ಟಿಗೆಯದು.

"ನನ್ನ ಸಾಲು ನನಗ ಗೊತ್ತು. ನಮ್ಮ ಅತ್ತೀದು, ಆಕಿ ಅತ್ತೀದು ಕೈಗೆ ಗೊತ್ತಿತ್ತು. ಈ ಕಂಬದ ಮ್ಯಾಲೆ ಕೈ ಆಡಿಸಿದ್ರ ಏನೂ ಹತ್ತೂದಿಲ್ಲ. ನೀ ಬರದೀ ಅಲಾ, ನೋಡಿ ಹೇಳು."

ನಾನು ಪುಸ್ತಕ ನೋಡಿ ಹೇಳುತ್ತ ಹೋದೆ, ಅವಳು ಇಡುತ್ತ ಹೋದಳು. "ಬಿಳಿ. ಕೆಂಪು. ಕೆಂಪು. ಬಿಳಿ." ಎಷ್ಟು ಎಂದು ನಾನೂ ಎಣಿಸಲಿಲ್ಲ. ಆರು ಸಾಲೂ ಮುಗಿದವು. ಹನಮವ್ವನ ಮಡಿಲಲ್ಲಿ ಕೂಸು ಸುಣ್ಣದ ಬಟ್ಟಲಿಗೆ ಕೈ ಚಾಚುತ್ತಿತ್ತು.

ಹೊರಡಲು ಎದ್ದಾಗ ಬೋರವ್ವ ಕೇಳಿದಳು: "ತಮ್ಮಾ, ನಿನ್ನ ಜೋಹರಾನ ಗುರ್ತು ಎಲ್ಲರ ಐತೇನು?"

"ಎಲ್ಲೂ ಇಲ್ಲ ಯವ್ವಾ."

ಅವಳು ಕಂಬದ ಇನ್ನೊಂದು ಬದಿಗೆ, ಖಾಲಿ ಇದ್ದ ಕಡೆಗೆ ಕೈ ತೋರಿಸಿದಳು. "ಇಲ್ಲೊಂದು ಇಡು."

ಪುಸ್ತಕ ಕೆಳಗಿಟ್ಟೆ. ಹೆಬ್ಬೆರಳು ಅದ್ದಿ ಒತ್ತಿದೆ. ಬಿಳಿಯ ಚುಕ್ಕಿ, ಸ್ವಲ್ಪ ಓರೆಯಾಯಿತು. ಕೆಮ್ಮಣ್ಣಿನ ಬಟ್ಟಲು ಪಕ್ಕದಲ್ಲಿಯೇ ಇತ್ತು. ಅದರ ಕಡೆ ಕೈ ಹೋಗಲಿಲ್ಲ. ಬೋರವ್ವ ನೋಡಿದಳು, ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಮುಚ್ಚಿದಳು.

"ಇವತ್ತ ಬ್ಯಾಡ ಬಿಡು. ಮುಂದ ಬಂದಾಗ ಇಡುವಂತಿ."

ಚಕ್ಕಡಿ ಹುನಗುಂದ ದಾಟಿದೆ. ದಾರಿ ಕುಲುಕುತ್ತಿರುವುದರಿಂದ ಅಕ್ಷರ ಸೊಟ್ಟಗೆ ಬರುತ್ತಿವೆ. ಬಲಗೈ ಹೆಬ್ಬೆರಳ ಸುಣ್ಣ ಒಣಗಿದೆ, ತೊಳೆದಿಲ್ಲ. ಊಟಕ್ಕೆ ನಿಲ್ಲಿಸಿದಾಗ ಎಡಗೈಯಿಂದ ನೀರು ಕುಡಿದೆ.